ಪಾಲಿಹೌಸ್ ಟೊಮೇಟೊಗೆ ಗಿಡ ನೋಡಿ ನೀರು ಬಿಡ್ತೀವಾ, ಕರೆಂಟ್ ನೋಡಿ ಬಿಡ್ತೀವಾ?

ಈ ಸಲ ಸ್ವಲ್ಪ ಉದ್ದ ಬರೀತಿದ್ದೀನಿ, ಬಿಡುವಾದಾಗ ಓದಿ.

ಕಳೆದ ವಾರ ಪಕ್ಕದೂರಿನ ಹುಡುಗ ಒಬ್ಬ ನಾಲ್ಕು ಟೊಮೇಟೊ ಕಾಯಿ ಕವರಿಗೆ ಹಾಕ್ಕೊಂಡು ಮನೆ ಹತ್ರ ಬಂದಿದ್ದ. ಮೇಲಿಂದ ನೋಡಿದ್ರೆ ಚೆಂದದ ಕಾಯಿ. ತಿರುಗಿಸಿದ್ರೆ ತಳದಲ್ಲಿ ರೂಪಾಯಿ ಅಗಲ ಕಪ್ಪಾಗಿ, ಒಣಗಿದ ಚರ್ಮದ ಹಾಗೆ ಒಳಕ್ಕೆ ಕುಸಿದಿದೆ. "ಅಣ್ಣ, ಮೂರು ಸಲ ಕ್ಯಾಲ್ಸಿಯಂ ಹೊಡೆದೆ, ನಿಲ್ತಾನೇ ಇಲ್ಲ" ಅಂದ. ನೀರು ಯಾವಾಗ ಬಿಡ್ತೀಯಪ್ಪ ಅಂತ ಕೇಳಿದೆ. "ಕರೆಂಟ್ ಬಂದಾಗ" ಅಂದ.

ನಗು ಬಂತು, ಹೊಟ್ಟೆಗೂ ಚುರುಕ್ ಅಂತು. ಎರಡು ವರ್ಷದ ಹಿಂದೆ ನಾನೂ ಇದೇ ಉತ್ತರ ಹೇಳ್ತಿದ್ದೆ.

ನಮ್ಮದು ಹತ್ತು ಗುಂಟೆ ಪಾಲಿಹೌಸ್, ಒಳಗೆ ಸುಮಾರು 2500 ಗಿಡ. ಆಗ ನಮ್ಮ ಲೈನಿಗೆ ತ್ರೀ ಫೇಸ್ ರಾತ್ರಿ ಬ್ಯಾಚಿನಲ್ಲಿ ಬರ್ತಿತ್ತು. ಬಂದಾಗ ಬಿಟ್ಟುಬಿಡೋಣ, ನಾಳೆ ಬರುತ್ತೋ ಇಲ್ವೋ ಅಂತ ಒಂದೇ ರಾತ್ರಿ ಎರಡು ಗಂಟೆ ಡ್ರಿಪ್ ಓಡಿಸ್ತಿದ್ದೆ. ಗಂಟೆಗೆ ಎರಡು ಲೀಟರಿನ ಡ್ರಿಪ್ಪರ್, ಅಂದ್ರೆ ಗಿಡಕ್ಕೆ ನಾಲ್ಕು ಲೀಟರ್. ಆಮೇಲೆ ಎರಡು ದಿನ ನೀರಿಲ್ಲ. ಲೆಕ್ಕಕ್ಕೆ ನೋಡಿದ್ರೆ ದಿನಕ್ಕೆ ಲೀಟರಿಗಿಂತ ಜಾಸ್ತಿನೇ ಬಿತ್ತಲ್ಲ ಅನ್ನೋ ಸಮಾಧಾನ. ಮೂರನೇ ಗೊಂಚಲಿಗೆ ತಳ ಕಪ್ಪಾಗೋದು ಶುರುವಾಯ್ತು, ನಾಲ್ಕನೇದರಲ್ಲಿ ಕಾಯಿ ಸೀಳೋದು. ಔಷಧಿ ಅಂಗಡಿಯಲ್ಲಿ ಕ್ಯಾಲ್ಸಿಯಂ ಕೊಟ್ರು, ಹೊಡೆದೆ. ವಾರ ಬಿಟ್ಟು ಇನ್ನೊಂದು ಕಂಪನಿದು ಕೊಟ್ರು, ಅದನ್ನೂ ಹೊಡೆದೆ. ಬಾಟ್ಲಿ ಖಾಲಿಯಾಯ್ತು, ಕಾಯಿ ಆರಿಸಿ ಆರಿಸಿ ತಿಪ್ಪೆಗೆ ಹಾಕಿದ್ದಾಯ್ತು. ಅಂಗಡಿಯವರನ್ನ ಬೈದು ಪ್ರಯೋಜನ ಇಲ್ಲ, ನಾನು ಕೇಳಿದ್ದೇ ಔಷಧಿ, ಅವರು ಮಾರೋದೂ ಔಷಧಿ.

ಆಮೇಲೆ ಗೊತ್ತಾಗಿದ್ದು ಇಷ್ಟು. ತಳ ಕಪ್ಪಾಗೋದು ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದೆ ಇರೋದ್ರಿಂದ, ಅದು ನಿಜ. ಆದ್ರೆ ಮಣ್ಣಿನಲ್ಲಿ ಇಲ್ಲ ಅಂತಲ್ಲ. ಕ್ಯಾಲ್ಸಿಯಂ ನೀರಿನ ಜೊತೆ ಬೇರಿನಿಂದ ಮೇಲಕ್ಕೆ ಹೋಗುತ್ತೆ, ಎಲೆ ಬೆವರಿದಷ್ಟೂ ನೀರು ಆ ಕಡೆ ಎಳ್ಕೊಳ್ಳುತ್ತೆ. ಕಾಯಿ ಬೆವರೋದು ಬಹಳ ಕಡಿಮೆ, ಹಾಗಾಗಿ ಅದಕ್ಕೆ ಸಿಗೋದು ಉಳಿದದ್ದು. ಎರಡು ದಿನ ಬೇರು ಒಣಗಿದ್ರೆ ಮೊದಲು ಪಾಲು ತಪ್ಪೋದು ಕಾಯಿಗೇ. ಒಂದು ಸಲ ಎಲೆಗೆ ಹೋಗಿ ಸೇರಿದ ಕ್ಯಾಲ್ಸಿಯಂ ಮತ್ತೆ ಕಾಯಿಗೆ ವಾಪಸ್ ಬರಲ್ಲ, ಅದಕ್ಕೇ ಎಲೆ ಮೇಲೆ ಎಷ್ಟು ಹೊಡೆದರೂ ಅಷ್ಟಕ್ಕಷ್ಟೇ. ನಮ್ಮ ಕೋಲಾರದ ಬೋರ್ ನೀರು ನೋಡಿ, ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತೆ. ಆ ಪೊರೆಯಲ್ಲಿ ಇರೋದೇ ಹೆಚ್ಚಾಗಿ ಕ್ಯಾಲ್ಸಿಯಂ! ಅಂಥ ನೀರು ದಿನಾ ಹಾಯಿಸೋ ನಾವು ಕ್ಯಾಲ್ಸಿಯಂ ಬಾಟ್ಲಿಗೆ ಸಾಲ ಮಾಡ್ತೀವಿ. ಕೆಲವರ ಕೆಮ್ಮಣ್ಣಿನಲ್ಲಿ ನಿಜವಾಗ್ಲೂ ಕೊರತೆ ಇರಬಹುದು. ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿ, ಮಣ್ಣು ನೀರು ಎರಡೂ ಪರೀಕ್ಷೆ ಮಾಡಿಸಿ, ಆಮೇಲೆ ಅಂಗಡಿಗೆ ಹೋಗಿ.

ಕಾಯಿ ಸೀಳೋದೂ ಇದೇ ಕತೆ. ಒಣಗಿಸಿ ಒಣಗಿಸಿ ಒಂದೇ ರಾತ್ರಿ ನಾಲ್ಕು ಲೀಟರ್ ಕುಡಿಸಿದ್ರೆ ಒಳಗಿನ ತಿರುಳು ಉಬ್ಬುತ್ತೆ, ಸಿಪ್ಪೆ ಅಷ್ಟು ಬೇಗ ಹಿಗ್ಗಲ್ಲ.

ಬಯಲಿನಲ್ಲಿ ಟೊಮೇಟೊ ಬೆಳೆದು ಪಳಗಿದ ಕೈ ನಮ್ಮದು, ಅದೇ ತೊಂದರೆ. ಬಯಲಿನಲ್ಲಿ ನಮ್ಮ ತಪ್ಪನ್ನ ಮಳೆ ಮುಚ್ಚಿಹಾಕುತ್ತೆ, ಗಾಳಿ ಒಣಗಿಸುತ್ತೆ. ಪಾಲಿಹೌಸ್ ಒಳಗೆ ಮಳೆಯ ಒಂದು ಹನಿ ಬೀಳಲ್ಲ, ನೆಲಕ್ಕೆ ಬೀಳೋದೆಲ್ಲ ನಮ್ಮ ಕೈಯಿಂದಲೇ. ರಾತ್ರಿ ನೀರು ಬಿಟ್ಟು ಪರದೆ ಇಳಿಸಿದ್ರೆ ತೇವ ಒಳಗೇ ನಿಲ್ಲುತ್ತೆ. ಬೆಳಿಗ್ಗೆ ಪ್ಲಾಸ್ಟಿಕ್ ಶೀಟಿನಿಂದ ಹನಿ ತೊಟ್ಟಿಕ್ಕಿ ಎಲೆ ಒದ್ದೆ. ಅಂಗಮಾರಿಗೆ ನಾವೇ ಹಾಸಿಗೆ ಹಾಸಿ ಕರೆದ ಹಾಗೆ. ಮಳೆಗಾಲದಲ್ಲಿ ಎಲೆ ಒಣಗಿರಲಿ ಅಂತ ತಾನೇ ಸಾಲ ಮಾಡಿ ಮನೆ ಕಟ್ಟಿದ್ದು?

ಈಗ ನಾನು ಮಾಡ್ತಿರೋದು ಹೇಳ್ತೀನಿ. ಹತ್ತು ಸಾವಿರ ಲೀಟರಿನ ಟ್ಯಾಂಕ್ ಒಂದು ಇಟ್ಟೆ. ತ್ರೀ ಫೇಸ್ ಯಾವಾಗ ಬಂದರೂ ಬೋರ್ ಟ್ಯಾಂಕ್ ತುಂಬಿಸುತ್ತೆ, ಅಷ್ಟೇ ಅದರ ಕೆಲಸ. ಗಿಡಕ್ಕೆ ನೀರು ಹೋಗೋದು ಟ್ಯಾಂಕಿನಿಂದ, ಒಂದು ಎಚ್‌ಪಿ ಸಿಂಗಲ್ ಫೇಸ್ ಪಂಪಿನಲ್ಲಿ, ಎರಡು ವಾಲ್ವ್ ಮಾಡ್ಕೊಂಡು, ಹಗಲು ಹೊತ್ತು. ಕಾಯಿ ತುಂಬಿದ ಗಿಡಕ್ಕೆ ಬೇಸಿಗೆಯಲ್ಲಿ ಬೆಳಿಗ್ಗೆ ಏಳೂವರೆ, ಹತ್ತೂವರೆ, ಮಧ್ಯಾಹ್ನ ಒಂದೂವರೆ, ಒಂದೊಂದು ಸಲ ಹದಿನೈದು ನಿಮಿಷ. ಸಲಕ್ಕೆ ಅರ್ಧ ಲೀಟರ್, ದಿನಕ್ಕೆ ಒಂದೂವರೆ. ಮೋಡ ಇದ್ರೆ ಒಂದೇ ಸಲ, ಜಡಿಮಳೆ ಹಿಡಿದ ದಿನ ಕೆಲವೊಮ್ಮೆ ಅದೂ ಇಲ್ಲ. ಮೂರು ಗಂಟೆ ಮೇಲೆ ವಾಲ್ವ್ ಮುಟ್ಟಲ್ಲ. ನಿಮ್ಮ ಮಣ್ಣು ಬೇರೆ ಇದ್ರೆ ಈ ಟೈಮ್ ಹಾಗೇ ನಕಲು ಮಾಡಬೇಡಿ. ಮಲ್ಚಿಂಗ್ ಶೀಟ್ ಎತ್ತಿ ನಾಲ್ಕು ಬೆರಳು ಆಳದ ಮಣ್ಣು ತಗೊಂಡು ಅಮುಕಿ ನೋಡಿ. ಉಂಡೆ ನಿಂತು, ಬೆರಳಲ್ಲಿ ತಟ್ಟಿದ್ರೆ ಒಡೀಬೇಕು. ಕೈಗೆ ಮೆತ್ತಿಕೊಂಡ್ರೆ ಅವತ್ತು ನೀರು ಬೇಡ.

ಇನ್ನೊಂದು ಮಾತು, ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಎಲೆ ಜೋತು ಬಿದ್ದ ತಕ್ಷಣ ವಾಲ್ವ್ ತಿರುಗಿಸಬೇಡಿ. ಮಣ್ಣು ಒದ್ದೆ ಇದ್ದರೂ ಆ ಬಿಸಿಗೆ ಬೇರು ಕೊಡೋದಕ್ಕಿಂತ ಎಲೆ ಬೆವರೋದೇ ಜಾಸ್ತಿ, ಅದಕ್ಕೆ ಜೋಲುತ್ತೆ. ಪರದೆ ಎತ್ತಿ, ಗಾಳಿ ಬಿಡಿ. ಬೆಳಿಗ್ಗೆ ಆರಕ್ಕೆ ಹೋಗಿ ನೋಡಿ, ಆಗಲೂ ಜೋತಿದ್ರೆ ಬಾಯಾರಿದೆ ಅಂತ ಅರ್ಥ. ಮಣ್ಣು ಒದ್ದೆಯಾಗಿದ್ದೂ ಬೆಳಿಗ್ಗೆ ಜೋತಿದ್ರೆ ಬೇರು ಕಿತ್ತು ನೋಡಿ, ಗಂಟೋ ಕೊಳೆಯೋ ಇರುತ್ತೆ.

ಟೈಮ್ ಸರಿ ಮಾಡಿದ ಮೇಲೂ ನಮ್ಮ ಕೊನೆ ಸಾಲುಗಳಲ್ಲಿ ಕಾಯಿ ಕೆಡೋದು ನಿಲ್ಲಲಿಲ್ಲ. ಆಗ ನಮ್ಮ ದೊಡ್ಡಪ್ಪ, ಕಪಿಲೆ ಹೊಡೆದು ನೀರು ಕಟ್ಟಿದ ಕಾಲದವರು, ಒಳಗೆ ಬಂದು ಸುಮ್ನೆ ಸಾಲಿನ ಮೇಲೆ ನಡೆದು, "ಈ ಕರೀ ಪೈಪಿನೊಳಗೆ ನೀರು ಹೋಗ್ತಿರೋದನ್ನ ಯಾರು ಕಂಡೋರು? ಕಾಲುವೆ ಆಗಿದ್ರೆ ಕಣ್ಣಿಗೆ ಕಾಣ್ತಿತ್ತು" ಅಂದ್ರು. ಅವತ್ತೇ ಮೊದಲ ಸಾಲು, ನಡು ಸಾಲು, ಕೊನೆ ಸಾಲಿನ ಡ್ರಿಪ್ಪರ್ ಕೆಳಗೆ ಲೋಟ ಇಟ್ಟು ಹತ್ತು ನಿಮಿಷ ಓಡಿಸಿದೆ. ಮೊದಲ ಸಾಲಿನಲ್ಲಿ 330 ಎಂ.ಎಲ್. ಕೊನೆಯಲ್ಲಿ 140. ಅರ್ಧಕ್ಕೂ ಕಮ್ಮಿ! ಗಡಸು ನೀರಿನ ಸುಣ್ಣ ಒಂದು ಕಡೆ, ನಾನು ಮಾಡಿದ ಘನಕಾರ್ಯ ಇನ್ನೊಂದು ಕಡೆ. ಕೆಲಸ ಬೇಗ ಮುಗೀಲಿ ಅಂತ ಕ್ಯಾಲ್ಸಿಯಂ ನೈಟ್ರೇಟನ್ನ 12:61 ಜೊತೆ ಒಂದೇ ಡ್ರಮ್ಮಿನಲ್ಲಿ ಕಲಸ್ತಿದ್ದೆ. ಎರಡೂ ಸೇರಿ ಗಸಿ ಕಟ್ಟುತ್ತೆ, ಆ ಗಸಿ ಹೋಗಿ ಕೂರೋದು ಡ್ರಿಪ್ಪರ್ ಬಾಯಲ್ಲಿ. ಮ್ಯಾಗ್ನೀಷಿಯಂ ಸಲ್ಫೇಟ್ ಜೊತೆ ಕಲಸಿದ್ರೂ ಅಷ್ಟೇ. ಈಗ ಬೇರೆ ಬೇರೆ ದಿನ ಕೊಡ್ತೀನಿ, ಹದಿನೈದು ದಿನಕ್ಕೊಮ್ಮೆ ಸಾಲಿನ ಕೊನೆ ಬಿಚ್ಚಿ ಪೈಪ್ ತೊಳೀತೀನಿ, ತಿಂಗಳಿಗೊಮ್ಮೆ ಲೋಟ ಇಡ್ತೀನಿ.

ಈಗ ಜಗಳದ ವಿಷಯಕ್ಕೆ ಬರ್ತೀನಿ. ಪಾಲಿಹೌಸ್ ಹಾಕೋರೆಲ್ಲ ಕಂಬ, ಪ್ಲಾಸ್ಟಿಕ್, ಫಾಗರ್‌ಗೆ ಲಕ್ಷಗಟ್ಟಲೆ ಹಾಕಿ ನೀರಿನ ವಿಷಯಕ್ಕೆ "ಬೋರ್ ಇದೆಯಲ್ಲ" ಅಂತಾರೆ. ಸಬ್ಸಿಡಿ ಕೊಡೋರೂ ಮನೆ ನೋಡ್ತಾರೆ, ನೀರು ಎಲ್ಲಿ ಶೇಖರಣೆ ಮಾಡ್ತೀಯ ಅಂತ ಅದೇ ಗಟ್ಟಿಯಾಗಿ ಕೇಳಲ್ಲ. ನನ್ನ ಪ್ರಕಾರ ಮೊದಲು ಹೊಂಡ, ಆಮೇಲೆ ಮನೆ. ಹತ್ತು ಗುಂಟೆ ಅಂದ್ರೆ ಸಾವಿರ ಚದರ ಮೀಟರ್ ಚಾವಣಿ. ಒಂದು ಮಿಲಿಮೀಟರ್ ಮಳೆಗೆ ಸಾವಿರ ಲೀಟರ್. ನಮ್ಮ ಕಡೆ ವರ್ಷಕ್ಕೆ 700 ಮಿ.ಮೀ. ಅಂತ ಹಿಡಿದ್ರೂ ಏಳು ಲಕ್ಷ ಲೀಟರ್, ಚೆಲ್ಲಿ ಹೋಗಿದ್ದು ಕಳೆದು ಐದೂವರೆ ಲಕ್ಷ ಸಿಕ್ಕಿತು ಅಂದ್ಕೊಳ್ಳಿ. 2500 ಗಿಡಕ್ಕೆ ದಿನಾ ಒಂದೂವರೆ ಲೀಟರಿನ ಹಾಗೆ 150 ದಿನಕ್ಕೆ ಬೇಕಾಗೋದು ಐದೂವರೆ ಲಕ್ಷದ ಆಸುಪಾಸೇ. ಎಲ್ಲಾ ಮಳೆ ಒಟ್ಟಿಗೆ ಬರಲ್ಲ, ಹೊಂಡದಲ್ಲಿ ಆವಿಯಾಗುತ್ತೆ, ಪೂರ್ತಿ ಬೆಳೆ ಇದರಲ್ಲೇ ಅಂತ ನಾನು ಹೇಳ್ತಿಲ್ಲ. ಅರ್ಧ ಆದ್ರೂ ಆಗುತ್ತಲ್ಲ? ಅದೂ ಮೆದು ನೀರು. ಮಳೆ ಕಾಣದ ಪಾಲಿಹೌಸ್ ಮಣ್ಣಿನಲ್ಲಿ ಬೋರ್ ನೀರು, ಗೊಬ್ಬರ ಎರಡರ ಉಪ್ಪೂ ಬೆಳೆಯಿಂದ ಬೆಳೆಗೆ ಕೂಡ್ತಾ ಹೋಗುತ್ತೆ. ಅದನ್ನ ತೊಳೆಯೋಕೆ ಮಳೆ ನೀರಿಗಿಂತ ಬೇರೆ ಇಲ್ಲ.

ಕೆ.ಸಿ. ವ್ಯಾಲಿ ನೀರು ಕೆರೆಗಳಿಗೆ ಬಂದ ಮೇಲೆ ಕೆಲವರ ಬೋರ್ ಚೇತರಿಸಿಕೊಂಡಿದೆ, ಸಂತೋಷ. ನಮ್ಮದು 1300 ಅಡಿ, ಪಕ್ಕದಲ್ಲೇ ಕೊರೆಸಿದ ಇನ್ನೊಂದರಲ್ಲಿ ಬರೀ ಧೂಳು ಬಂತು. ಆ ಧೂಳಿಗೆ ಕೊಟ್ಟ ದುಡ್ಡಿನಲ್ಲಿ ಹೊಂಡಕ್ಕೆ ಶೀಟ್ ಹಾಕಿಸಬಹುದಿತ್ತು ಅಂತ ಮನೆಯವಳು ಇವತ್ತಿಗೂ ಹೇಳ್ತಾಳೆ.

"ಇಷ್ಟೆಲ್ಲ ಮಾಡಿದ್ರೂ ರೇಟ್ ನಮ್ಮ ಕೈಯಲ್ಲಿದೆಯಾ?" ಅಂತ ಕೇಳ್ತೀರಿ, ಗೊತ್ತು. ಇಲ್ಲ. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ದಾಟಿದ್ದನ್ನೂ ನೋಡಿದ್ದೀವಿ, ರಸ್ತೆ ಪಕ್ಕ ಸುರಿದು ಬಂದಿದ್ದನ್ನೂ ನೋಡಿದ್ದೀವಿ. ರೇಟ್ ಬಂದ ವಾರ ನಮ್ಮ ಬಾಕ್ಸಿನಲ್ಲಿ ತಳ ಕಪ್ಪಾದ ಕಾಯಿ ಇರಬಾರದು, ನನಗೆ ಬೇಕಿರೋದು ಅಷ್ಟೇ. ಈ ಸಲದ ಬೆಳೆಯಲ್ಲಿ ಆರನೇ ಗೊಂಚಲು ನಡೀತಿದೆ, ಬಕೆಟ್ಟಿಗೆ ಎರಡೋ ಮೂರೋ ಕಾಯಿ ಎಸೀತಿದ್ದೀವಿ.

ಆ ಹುಡುಗ ನಿನ್ನೆ ಫೋನ್ ಮಾಡಿದ್ದ. ಲೋಟ ಇಟ್ಟು ನೋಡಿದ್ನಂತೆ, ಕೊನೆ ಸಾಲಿನಲ್ಲಿ 90 ಎಂ.ಎಲ್. ಭಾನುವಾರ ಅವನ ಪೈಪ್ ಬಿಚ್ಚೋಕೆ ಹೋಗ್ತಿದ್ದೀನಿ, ಆ ಕಡೆ ಇರೋರು ಬರೋದಾದ್ರೆ ಬನ್ನಿ.