ರಜೆ ಶಾಲೆಗೋ, ಹಸಿವೆಗೋ?

ಏಪ್ರಿಲ್ ಮಾಸದಲ್ಲಿ ಶಾಲೆಯ ಬಾಗಿಲು ಮುಚ್ಚುವುದು. ಅದರೊಡನೆ ಬಿಸಿಯೂಟದ ಒಲೆಯೂ ಆರುವುದು. ಗುಂಜಹಳ್ಳಿಯೇ ಮೊದಲಾದ ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಕೂಲಿಕಾರರ ಮಕ್ಕಳ ಹಸಿವೆಗೂ ಆಗ ರಜೆಯುಂಟೇ?

2002ರಲ್ಲಿ ಈ ನಾಡಿನ ಬಿಸಿಯೂಟವು ಮೊದಲಾದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಇಲ್ಲಿಯ ಬಡತನವನ್ನು ಸರಕಾರವು ಅಂದೇ ಒಪ್ಪಿಕೊಂಡಂತಾಗಲಿಲ್ಲವೇ? ಬರಗಾಲದ ಪ್ರದೇಶಗಳಲ್ಲಿ ಬೇಸಗೆಯ ರಜೆಯಲ್ಲಿಯೂ ಊಟವಿಕ್ಕಬೇಕೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ವಿಧಿಸಿತು. ಆದರೆ 2013ರ ಆಹಾರ ಭದ್ರತೆಯ ಕಾಯಿದೆಯು ಶಾಲೆಯ ರಜಾದಿನಗಳನ್ನು ಹೊರಗಿಟ್ಟಿತು. ಫಲವೇನು? ಬರವೆಂದು ಘೋಷಿಸಿದರೆ, 2024ರ ಬೇಸಗೆಯಂತೆ, ಮಕ್ಕಳಿಗೆ ಅನ್ನ. ಮಳೆ ಚೆನ್ನಾದರೆ ಬರಿಯ ತಟ್ಟೆ! ಬೆಳೆ ಬಂದರೂ ಹೊಲವಿಲ್ಲದವನ ಮನೆಗೆ ಕಾಳು ತಾನಾಗಿ ಬರುವುದೇ? ಅವನು ಗುಳೆ ಹೋಗುವುದು ತಪ್ಪುವುದೇ?

ರಜೆಯಲ್ಲಿ ಮಕ್ಕಳು ಬಾರರು, ವೆಚ್ಚವು ವ್ಯರ್ಥವೆಂದು ಕೆಲವರು ಆಕ್ಷೇಪಿಸುವರು. ಬಾರದವರ ನೆಪದಿಂದ ಬಂದವರ ತುತ್ತನ್ನು ಕಸಿಯುವುದು ಯಾವ ನ್ಯಾಯ? 2020ರ ಮಹಾಮಾರಿಯಲ್ಲಿ ಶಾಲೆ ಮುಚ್ಚಿದ್ದಾಗ ಇದೇ ಸರಕಾರದ ಧಾನ್ಯವು ಮಕ್ಕಳ ಮನೆ ಸೇರಲಿಲ್ಲವೇ? ಮನಸ್ಸಿದ್ದಾಗ ಮಾರ್ಗವು ದೊರೆಯಿತು.

ಆದುದರಿಂದ ಬರದ ಘೋಷಣೆಯನ್ನು ಕಾಯದೆ ಪ್ರತಿ ಬೇಸಗೆಯಲ್ಲಿಯೂ ಈ ಜಿಲ್ಲೆಯ ಶಾಲೆಗಳಲ್ಲಿ ಒಲೆ ಹೊತ್ತತಕ್ಕದ್ದು. ವಾಚಕ ಮಹಾಶಯರು ತಮ್ಮ ಪ್ರತಿನಿಧಿಗಳನ್ನು ಇದನ್ನು ಕುರಿತು ಪ್ರಶ್ನಿಸದೆ ಬಿಡಬಾರದು. ಉಂಡವರು ಸುಮ್ಮನಿದ್ದರೆ ಹಸಿದವರ ಪರವಾಗಿ ನುಡಿಯುವವರಾರು?