ಉಳುಕಿದ ಕಾಲಿಗೆ ಬಿಸಿ ಉಪ್ಪು ಬೇಡ

ಹೋದ ಮಳೆಗಾಲ ತೋಟದ ಬಸಿಗಾಲುವೆ ದಾಟುವಾಗ ಸಂಕ ಜಾರಿ ನನ್ನ ಎಡಗಾಲು ತಿರುಚಿಕೊಂಡಿತು. ಕುಂಟುತ್ತಾ ಮನೆಗೆ ಬರೋಷ್ಟರಲ್ಲಿ ಅವ್ವ ಬಾಣಲೆಗೆ ಕಲ್ಲುಪ್ಪು ಹಾಕಿ ಹುರಿಯೋಕೆ ಇಟ್ಟಾಗಿತ್ತು. ಅರ್ಧ ಗಂಟೆ ಶಾಖ ಆಯ್ತು. ಆಮೇಲೆ ಒಬ್ಬರು ಬಂದು ಎಣ್ಣೆ ಹಚ್ಚಿ, ಜೋರಾಗಿ ತಿಕ್ಕಿ, ನರ ಕೂರಿಸಿದರು. ಬೆಳಗ್ಗೆ ನೋಡಿದರೆ ಪಾದ ಎಳೆ ಹಲಸಿನಕಾಯಿ ಹಾಗೆ ಊದಿತ್ತು. ಎರಡನೇ ಸಲ ಬೋರ್ಡೋ ಹೊಡೆಸೋ ಹೊತ್ತು ಅದು. ಹದಿನೈದು ದಿನ ಜಗಲಿ ಮೇಲೆ ಕೂತು ಫೋನಲ್ಲೇ ತೋಟ ನೋಡಿಕೊಂಡೆ.

ಶಂಕರಘಟ್ಟದ ಸುತ್ತ ಯಾರ ಮನೆಗೆ ಹೋದರೂ ಇದೇ ಕಥೆ. ಪೆಟ್ಟು ಬಿದ್ದ ಕೂಡಲೇ ಶಾಖ, ತಿಕ್ಕಾಟ. ಇದನ್ನ ಬಿಡಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಕಾಲು ಉಳುಕಿದಾಗ ಕೀಲಿನ ಪಟ್ಟಿ ಹರಿದು, ಒಳಗಿನ ಸಣ್ಣ ರಕ್ತನಾಳಗಳು ಸೋರುತ್ತವೆ. ಬಿಸಿ ತಾಗಿದರೆ ನಾಳ ಇನ್ನೂ ಹಿಗ್ಗುತ್ತೆ, ಊತ ಏರುತ್ತೆ. ತಂಪು ತಾಗಿದರೆ ನಾಳ ಕುಗ್ಗುತ್ತೆ, ನೋವೂ ಮಂದ ಆಗುತ್ತೆ. ಮೊದಲ ಎರಡು ದಿನ ಐಸನ್ನ ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ, ಎರಡು ಮೂರು ಗಂಟೆ ಬಿಟ್ಟು ಮತ್ತೆ ಇಡಿ. ಬರೀ ಚರ್ಮದ ಮೇಲೆ ಇಟ್ಟರೆ ಚರ್ಮವೇ ಸುಟ್ಟ ಹಾಗಾಗುತ್ತೆ. ಕಾಲನ್ನ ದಿಂಬಿನ ಮೇಲೆ ಎತ್ತಿಡಿ.

ಐಸ್ ಅಂದರೆ ಮಂತ್ರ ಅಲ್ಲ, ಅದೂ ಗೊತ್ತಿರಲಿ. 1978ರಲ್ಲಿ ಅಮೆರಿಕದ ಡಾ. ಗೇಬ್ ಮಿರ್ಕಿನ್ ಉಳುಕಿಗೆ ವಿಶ್ರಾಂತಿ, ಐಸ್, ಬಿಗಿ ಕಟ್ಟು, ಎತ್ತಿಡೋದು ಅಂತ ನಾಲ್ಕು ಮಾತು ಬರೆದರು, ಪ್ರಪಂಚವೇ ಪಾಲಿಸಿತು. ಎಷ್ಟೋ ವರ್ಷದ ಮೇಲೆ ಅವರೇ, ಐಸ್ ವಾಸಿಯಾಗೋದನ್ನ ತಡ ಮಾಡಬಹುದು ಅಂತ ತಮ್ಮ ಮಾತು ತಿದ್ದಿಕೊಂಡರು. ಹಾಗಾಗಿ ನೋವು ತಡೆಯೋಕೆ ಒಂದೆರಡು ದಿನ ಸಾಕು. ಐಸ್ ಇಟ್ಟು ಮರಗಟ್ಟಿಸಿಕೊಂಡು ಮರ ಹತ್ತೋಕೆ ಹೋಗಬೇಡಿ. ನೋವು ಗೊತ್ತಾಗದ ಕಾಲು ಇನ್ನೊಂದು ಸಲ ತಿರುಚುತ್ತೆ.

ಹಾಗಂತ ಅವ್ವನ ಉಪ್ಪಿನ ಗಂಟು ಸುಳ್ಳಲ್ಲ. ಗೊಬ್ಬರದ ಬುಟ್ಟಿ ಹೊತ್ತು ಹಿಡಿದ ಸೊಂಟ, ವರ್ಷದಿಂದ ಬಿಗಿದ ಭುಜ, ಚಳಿಗೆ ಮರಗಟ್ಟಿದ ಮಂಡಿ, ಇದಕ್ಕೆಲ್ಲ ಅದೇ ಸರಿ. ಊತ ಇರಬಾರದು ಅಷ್ಟೇ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಮಾತ್ರ ಬಿಸಿಯೂ ಬೇಡ, ಐಸೂ ಬೇಡ. ಸುಟ್ಟರೂ ಅವರಿಗೆ ತಿಳಿಯಲ್ಲ.

ಅಡಿಕೆ ಬೇಯಿಸೋ ಹಂಡೆಯ ಚೊಗರು ಚೆಲ್ಲಿ ಕೈ ಬೆಂದರೆ ಐಸ್ ಇಡಬೇಡಿ, ಪೇಸ್ಟ್ ಹಚ್ಚಬೇಡಿ. ನಲ್ಲಿ ನೀರನ್ನ 20 ನಿಮಿಷ ಬಿಡಿ. ಬೇಜಾರಾಗುತ್ತೆ, ಆದರೂ ಬಿಡಿ.

ಪೆಟ್ಟಾದ ಕಾಲೂರಿ ನಾಲ್ಕು ಹೆಜ್ಜೆ ಇಡೋಕೆ ಆಗದಿದ್ದರೆ, ಹರಡಿನ ಮೂಳೆ ಒತ್ತಿದಾಗ ಜೀವ ಹೋದಂಗಾದರೆ, ಮನೆಮದ್ದು ಬಿಟ್ಟು ಭದ್ರಾವತಿಗೋ ಶಿವಮೊಗ್ಗಕ್ಕೋ ಹೋಗಿ ಎಕ್ಸ್‌ರೇ ತೆಗೆಸಿ. ಕೊನೆಗಾರ ಮರದಿಂದ ಬಿದ್ದರೆ ಎಬ್ಬಿಸಿ ಕೂರಿಸೋದು, ತಿಕ್ಕೋದು ಯಾವುದೂ ಬೇಡ. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ.

ನಮ್ಮನೆ ಫ್ರಿಜ್ಜಲ್ಲಿ ಈಗ ಖಾಲಿ ಹಾಲಿನ ಪ್ಯಾಕೆಟ್‌ಗೆ ನೀರು ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ ಎರಡು ಇಟ್ಟಿದೀನಿ. ಕರೆಂಟ್ ಇದ್ದರೆ ಗಟ್ಟಿ ಇರುತ್ತವೆ. ಅವ್ವ ಇನ್ನೂ ಒಪ್ಪಿಲ್ಲ.