ಎಣಿಕೆ ತೋರಿಸಿ, ಆಮೇಲೆ ಒಗ್ಗಟ್ಟು ಕೇಳಿ



ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳ ಅವಧಿ ಮುಗಿದಿದ್ದು 2021ರಲ್ಲಿ. ಚುನಾವಣೆ ಬರೋ ಮೊದಲೇ ಶಿರಾಳಕೊಪ್ಪದ ಟೀ ಅಂಗಡಿಗಳಲ್ಲಿ ಟಿಕೆಟ್ ಹಂಚಿಕೆ ಮುಗಿದುಹೋಗಿದೆ. ಅದರ ಜೊತೆಗೊಂದು ಪುಕ್ಕಟೆ ಉಪದೇಶ: "ಟಿಕೆಟ್ ಸಿಗದವರು ಅಸಮಾಧಾನ ನುಂಗಿಕೊಂಡು ಪಕ್ಷಕ್ಕೆ ದುಡೀಬೇಕು, ಒಗ್ಗಟ್ಟು ಮುಖ್ಯ." ನಮ್ಮ ಹುಡುಗರೇ ಕೆಲವರು ಇದನ್ನ ಸ್ಟೇಟಸ್ ಹಾಕ್ಕೊಂಡಿದ್ದಾರೆ. ಅದಕ್ಕೇ ಇಷ್ಟುದ್ದ ಬರೀತಿದೀನಿ, ಬೇಜಾರಾದ್ರೂ ಪೂರ್ತಿ ಓದಿ.

ಸೋತವರು ಸೋಲೊಪ್ಪಿಕೊಂಡು ಗೆದ್ದವರ ಜೊತೆ ನಿಲ್ಲಬೇಕು ಅನ್ನೋದು ಸರಿಯಾದ ಮಾತೇ. ಆದರೆ ಸೋಲು ಅನ್ನಬೇಕಾದ್ರೆ ಮೊದಲು ಸ್ಪರ್ಧೆ ನಡೆದಿರಬೇಕು. ಯಾರು ಎಷ್ಟು ಮತ ತಗೊಂಡರು ಅಂತ ಗೊತ್ತಿರಬೇಕು. ಬೆಂಗಳೂರಲ್ಲೋ ದಿಲ್ಲಿಯಲ್ಲೋ ನಾಲ್ಕು ಜನ ಕೂತು ಹೆಸರು ಬರೆದರೆ ಉಳಿದವರು ಸೋತಂಗೆ ಹೇಗಾಗುತ್ತೆ? ಅವರನ್ನ ಬಿಟ್ಟಿದ್ದಾರೆ, ಅಷ್ಟೇ. ಬಿಟ್ಟವರ ಹತ್ರ ಹೋಗಿ "ಸೋಲೊಪ್ಪಿಕೋ" ಅನ್ನೋದು ದಬ್ಬಾಳಿಕೆ.

ದೂರ ಯಾಕೆ, ನಮ್ಮ ಶಿಕಾರಿಪುರವನ್ನೇ ನೋಡಿ. 2023ರ ವಿಧಾನಸಭೆಗೆ ಕಾಂಗ್ರೆಸ್ ಟಿಕೆಟ್ ಕೊಟ್ಟಿದ್ದು ಗೋಣಿ ಮಾಲತೇಶ್ ಅವರಿಗೆ. ಟಿಕೆಟ್ ಕೇಳಿ ಸಿಗದ ನಾಗರಾಜಗೌಡರು ಪಕ್ಷೇತರರಾಗಿ ನಿಂತರು. ಆಗಲೂ ಇದೇ ಉಪದೇಶ, ಬಂಡಾಯ ಬಿಡಿ, ಪಕ್ಷ ಉಳಿಸಿ ಅಂತ. ಮೇ 13ಕ್ಕೆ ಪೆಟ್ಟಿಗೆ ತೆಗೆದಾಗ ಏನಾಯ್ತು? ವಿಜಯೇಂದ್ರ ಗೆದ್ದರು, ಅಂತರ 11,008. ಎರಡನೇ ಸ್ಥಾನದಲ್ಲಿ ಇದ್ದಿದ್ದು "ಬಂಡಾಯಗಾರ" ನಾಗರಾಜಗೌಡರು, 70 ಸಾವಿರದ ಮೇಲೆ ಮತ ತಗೊಂಡು. ಅಧಿಕೃತ ಅಭ್ಯರ್ಥಿಗೆ ಸಿಕ್ಕಿದ್ದು ಎಂಟು ಸಾವಿರದ ಆಸುಪಾಸು. ಇಬ್ಬರದ್ದೂ ಕೂಡಿಸಿದರೆ ಇನ್ನೂ ಮೂರು ಸಾವಿರದಷ್ಟು ಸಾಲದು, ಅದು ನನಗೂ ಗೊತ್ತು, ಆಫೀಸಲ್ಲಿ ನಾನು ಮಾಡೋದೇ ಕೂಡಿ ಕಳೆಯೋ ಕೆಲಸ. ಆದರೆ ಒಂದೇ ಹೆಸರು ಮೊದಲೇ ತೀರ್ಮಾನವಾಗಿ ಎಲ್ಲರೂ ಒಟ್ಟಿಗೆ ಊರೂರು ತಿರುಗಿದ್ದರೆ ಆ ಮೂರು ಸಾವಿರ ದೊಡ್ಡ ಮಾತಾಗಿತ್ತಾ? ಇಲ್ಲಿ ಜಿದ್ದು ಬಿಡಬೇಕಾಗಿದ್ದು ಯಾರು? ಟಿಕೆಟ್ ಸಿಗದವರಾ, ಟಿಕೆಟ್ ಹಂಚಿದವರಾ? ಏಪ್ರಿಲ್ 24, ನಾಮಪತ್ರ ವಾಪಸಿಗೆ ಕೊನೇ ದಿನ. ಅಲ್ಲೀವರೆಗೂ ಪಕ್ಷಕ್ಕೆ ಕ್ಷೇತ್ರದ ಕಾರ್ಯಕರ್ತರ ಕೈಲಿ ಒಂದು ಚೀಟಿ ಬರೆಸೋಕೆ ಪುರುಸೊತ್ತಾಗಲಿಲ್ಲ.

ಅರ್ಜಿ ತಗೊಳ್ಳೋಕೆ ಮಾತ್ರ ಪುರುಸೊತ್ತಿತ್ತು. ಆ ಚುನಾವಣೆಗೆ ಕಾಂಗ್ರೆಸ್ಸಿನ ಅರ್ಜಿ ಫಾರ್ಮಿಗೆ 5,000 ರೂಪಾಯಿ, ಜೊತೆಗೆ 2 ಲಕ್ಷದ ಡಿಡಿ, ಎಸ್ಸಿ ಎಸ್ಟಿಯವರಾದ್ರೆ 1 ಲಕ್ಷ. ದುಡ್ಡಲ್ಲಿ ರಿಯಾಯಿತಿ ಕೊಟ್ಟರು, ಮತ ಹಾಕೋ ಹಕ್ಕು ಕೊಡಲಿಲ್ಲ. ಬಿಜೆಪಿಯವರು ಇನ್ನೂ ಜಾಣರು. 2023ರ ಮಾರ್ಚ್ 31ರಂದು ಪದಾಧಿಕಾರಿಗಳನ್ನ ಕರೆದು ಚೀಟಿಯಲ್ಲಿ ಹೆಸರು ಬರೆಸಿಕೊಂಡರು. ಯಾರಿಗೆ ಎಷ್ಟು ಬಂತು ಅಂತ ಆ ಚೀಟಿ ಬರೆದವರಿಗೂ ಹೇಳಲಿಲ್ಲ.

ಎಣಿಕೆ ಬಹಿರಂಗವಾಗಿ ಆದರೆ ಸೋಲೊಪ್ಪಿಕೊಳ್ಳೋಕೆ ಎಷ್ಟು ಹೊತ್ತು ಬೇಕು? 2022ರ ಅಕ್ಟೋಬರ್ 19ರಂದು ನಮ್ಮ ಖರ್ಗೆಯವರಿಗೆ 7,897 ಮತ, ಶಶಿ ತರೂರ್ ಅವರಿಗೆ 1,072. ಉತ್ತರಪ್ರದೇಶದ ಮತದಾನದಲ್ಲಿ ಅಕ್ರಮ ಆಗಿದೆ ಅಂತ ತರೂರ್ ಕಡೆಯವರು ದೂರು ಕೊಟ್ಟಿದ್ದರು. ಆದರೂ ಅವತ್ತೇ ಸೋಲೊಪ್ಪಿ ಅಭಿನಂದನೆ ಹೇಳಿದರು. ಯಾರೂ ಹೋಗಿ ಅವರ ಕೈಕಾಲು ಹಿಡಿಯಬೇಕಾಗಲಿಲ್ಲ.

"ಪ್ರೈಮರಿ ಅನ್ನೋದೆಲ್ಲ ಅಮೆರಿಕದವರದ್ದು, ನಮಗ್ಯಾಕೆ" ಅಂತ ನಗೋ ಗೆಳೆಯರು ಪೂನಾ ಒಪ್ಪಂದವನ್ನ ಇನ್ನೊಮ್ಮೆ ಓದಬೇಕು. 1932ರ ಸೆಪ್ಟೆಂಬರ್ 24ರ ಆ ಒಪ್ಪಂದದಲ್ಲೇ ಪ್ರೈಮರಿ ಇತ್ತು. 148 ಮೀಸಲು ಸ್ಥಾನ. ಪ್ರತಿ ಸ್ಥಾನಕ್ಕೂ ಮೊದಲು ನಮ್ಮವರು ಮಾತ್ರ ಮತ ಹಾಕಿ ನಾಲ್ಕು ಜನರನ್ನ ಆರಿಸಬೇಕು, ಆಮೇಲೆ ಆ ನಾಲ್ವರಲ್ಲಿ ಒಬ್ಬರನ್ನ ಎಲ್ಲಾ ಜಾತಿಯವರೂ ಸೇರಿ ಗೆಲ್ಲಿಸಬೇಕು. ಮೋಸ ಇದ್ದಿದ್ದು ಎರಡನೇ ಹಂತದಲ್ಲಿ. ನಮ್ಮವರ ಮತದಲ್ಲಿ ಮೊದಲನೆಯವನಾಗಿ ಬಂದವನನ್ನ ಬಿಟ್ಟು, ನಾಲ್ಕನೆಯವನನ್ನ ಸವರ್ಣರ ಮತ ಎತ್ತಿ ಕೂರಿಸಬಹುದಿತ್ತು. 1946ರಲ್ಲಿ ಕ್ಯಾಬಿನೆಟ್ ಮಿಷನ್ ಬಂದಾಗ ಬಾಬಾಸಾಹೇಬರು ವಾದಿಸಿದ್ದು ಇದನ್ನೇ: ಪ್ರಾಥಮಿಕ ಚುನಾವಣೆಯ ಅಂಕಿ ನೋಡಿ, ನಮ್ಮ ಜನ ಯಾರ ಹಿಂದೆ ಇದ್ದಾರೆ ಅಂತ ಗೊತ್ತಾಗುತ್ತೆ. ಗಮನಿಸಿ, ಅವತ್ತು ಎಣಿಕೆ ಇತ್ತು, ಎತ್ತಿ ತೋರಿಸೋಕೆ ಕೈಯಲ್ಲಿ ಕಾಗದ ಇತ್ತು. ಇವತ್ತು ಮೀಸಲು ಕ್ಷೇತ್ರದ ಟಿಕೆಟ್ ಹಂಚುವಾಗ ನಮ್ಮವರು ಯಾರನ್ನ ಬಯಸಿದರು ಅನ್ನೋದಕ್ಕೆ ಒಂದು ಚೂರು ಕಾಗದವೂ ಇಲ್ಲ.

ಅಮೆರಿಕದ ಮಾತು ಬಂತಲ್ಲ, ಅಲ್ಲಿನ ಕಪ್ಪು ಜನರ ನಾಯಕ ಜೆಸ್ಸಿ ಜಾಕ್ಸನ್ ಕಥೆ ಕೇಳಿ. 1988ರ ಡೆಮಾಕ್ರಟಿಕ್ ಪ್ರೈಮರಿಗಳಲ್ಲಿ ಹತ್ತಿರ ಹತ್ತಿರ 70 ಲಕ್ಷ ಮತ ತಗೊಂಡು ಡುಕಾಕಿಸ್ ನಂತರ ಎರಡನೇ ಸ್ಥಾನದಲ್ಲಿ ನಿಂತ ಮನುಷ್ಯ. ಸೋತಿದ್ದು ಗೊತ್ತಾದ ತಕ್ಷಣ ಮನೆಗೆ ಹೋಗಲಿಲ್ಲ. ಜುಲೈನ ಅಟ್ಲಾಂಟಾ ಸಮಾವೇಶದವರೆಗೂ ತನ್ನ ಪ್ರತಿನಿಧಿಗಳನ್ನ ಇಟ್ಕೊಂಡು ಚೌಕಾಸಿ ಮಾಡಿದ. ಕೇಳಿದ್ದು ಬರೀ ಕುರ್ಚಿ ಅಲ್ಲ, ನಿಯಮ: ಗೆದ್ದವನಿಗೇ ಹೆಚ್ಚು ಸಿಗೋ ಪದ್ಧತಿ ಬೇಡ, ಮತ ಬಂದಷ್ಟು ಪ್ರಮಾಣದಲ್ಲಿ ಪ್ರತಿನಿಧಿಗಳು ಸಿಗಲಿ. ಅದು ಸಿಕ್ಕಿತು. ಆಮೇಲೆ ಡುಕಾಕಿಸ್ ಪರ ಪ್ರಚಾರಕ್ಕೂ ಹೋದ. ಇಪ್ಪತ್ತು ವರ್ಷ ಆದಮೇಲೆ ಹಿಲರಿ ಎದುರು ನಿಂತ ಒಬಾಮಾಗೆ ಸೋತ ರಾಜ್ಯಗಳಲ್ಲೂ ಪಾಲು ಸಿಕ್ಕಿದ್ದು ಇದೇ ನಿಯಮದಿಂದ. ಒಗ್ಗಟ್ಟಿಗೆ ಬೆಲೆ ಕಟ್ಟೋದು ಅಂದ್ರೆ ಇದು. ನಮ್ಮವರು ಕಟ್ಟಿಸಿಕೊಳ್ಳೋ ಬೆಲೆ ಒಂದು ನಿಗಮದ ನಿರ್ದೇಶಕ ಸ್ಥಾನ, ಫ್ಲೆಕ್ಸಿನ ಮೂಲೆಯಲ್ಲೊಂದು ಫೋಟೊ.

"ಹಾಗಾದ್ರೆ ಬಂಡಾಯ ಏಳೋಣ್ವಾ ಅಣ್ಣ?" ಅಂತ ಕೇಳ್ತೀರಿ. ಸ್ವಲ್ಪ ತಡೀರಿ. ಬಂಡಾಯ ದುಡ್ಡಿರೋರ ಆಟ. ಶೆಟ್ಟರ್ 2023ರ ಏಪ್ರಿಲ್‌ನಲ್ಲಿ ಬಿಜೆಪಿ ಬಿಟ್ಟರು, ಹುಬ್ಬಳ್ಳಿಯಲ್ಲಿ ಸೋತರು, ಒಂಬತ್ತು ತಿಂಗಳಿಗೆ ವಾಪಸ್ ಹೋದರು, ಬೆಳಗಾವಿಯಿಂದ ಸಂಸದರೂ ಆದರು. ಈಗ ಪುಲಕೇಶಿನಗರದ ಅಖಂಡ ಶ್ರೀನಿವಾಸಮೂರ್ತಿಯವರನ್ನ ನೋಡಿ. ಮೀಸಲು ಕ್ಷೇತ್ರದಿಂದ 2018ರಲ್ಲಿ 81 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದವರು. 2020ರ ಆಗಸ್ಟ್‌ನಲ್ಲಿ ಅವರ ಮನೆಗೇ ಬೆಂಕಿ ಬಿತ್ತು. 2023ರಲ್ಲಿ ಕಾಂಗ್ರೆಸ್ ಟಿಕೆಟ್ ಇಲ್ಲ ಅಂತು. ಬಿಎಸ್‌ಪಿಯಿಂದ ನಿಂತು ಸೋತರು. ಅವರಿಗ್ಯಾರು ರತ್ನಗಂಬಳಿ ಹಾಸಿದರು? ಶಾಸಕರಾಗಿದ್ದವರ ಗತಿಯೇ ಇದು. ನಮ್ಮ ಕೇರಿಯಿಂದ ಇಪ್ಪತ್ತು ವರ್ಷ ಬ್ಯಾನರ್ ಕಟ್ಟಿದ ಹುಡುಗ ಪಕ್ಷೇತರನಾಗಿ ನಿಂತರೆ ಮನೆ ಮೇಲಿನ ಸಾಲ ಅಷ್ಟೇ ಉಳಿಯೋದು.

ಅದಕ್ಕೇ ನನಗೆ ಬಂಡಾಯಕ್ಕಿಂತ ಎಣಿಕೆ ಮೇಲೆ ನಂಬಿಕೆ. ಪಕ್ಷದವರು ಮಾಡದಿದ್ದರೆ ನಾವೇ ಮಾಡೋಣ. ಇದರಲ್ಲಿ ನಮ್ಮ ಹುಳುಕೂ ಇದೆ, ಮುಚ್ಚಿಡೋದ್ಯಾಕೆ. ಬಿ. ಕೃಷ್ಣಪ್ಪನವರು ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ ಕಟ್ಟಿದ ದಲಿತ ಸಂಘರ್ಷ ಸಮಿತಿ ಇವತ್ತು ಎಷ್ಟು ಬಣ? ಭಿನ್ನಮತ ಬಂದಾಗಲೆಲ್ಲ ಕೈ ಎತ್ತಿಸಿ ಎಣಿಸೋ ಬದಲು ಹೊಸ ಲೆಟರ್‌ಹೆಡ್ ಮಾಡಿಸಿಕೊಂಡೆವು. ಒಳಮೀಸಲಾತಿ ಗಲಾಟೆಯಲ್ಲಿ 2023ರ ಮಾರ್ಚ್ 27ಕ್ಕೆ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಮನೆಗೆ ಕಲ್ಲು ಬಿದ್ದಿತ್ತಲ್ಲ, ಆ ವಿಷಯಕ್ಕೆ ಲಂಬಾಣಿ, ಭೋವಿ, ಎಡಗೈ, ಬಲಗೈ ಅಂತ ನಾವು ಮುಖ ನೋಡಿಕೊಳ್ಳೋ ರೀತಿಯೇ ಬದಲಾಗಿದೆ. ಸಂಖ್ಯೆ ಜಾಸ್ತಿ ಇರೋರೇ ಗೆಲ್ತಾರೆ ಅನ್ನೋ ಭಯ ನ್ಯಾಯವಾದದ್ದೇ. ಆದ್ದರಿಂದ ಚೀಟಿಯಲ್ಲಿ ಎರಡು ಹೆಸರು ಬರೆಯೋಣ, ಮೊದಲನೇ ಆಯ್ಕೆ, ಎರಡನೇ ಆಯ್ಕೆ. ಎರಡನೆಯದು ನಮ್ಮ ಒಳಜಾತಿಯವರದ್ದು ಆಗಿರಬಾರದು.

ಶಿರಾಳಕೊಪ್ಪ ಭಾಗದಲ್ಲಿ ಸೀಟು ಎಸ್ಸಿ ಮೀಸಲು ಅಂತ ಪಟ್ಟಿ ಬಂದ ವಾರದೊಳಗೆ, ಒಂದು ಭಾನುವಾರ, ಅಂಬೇಡ್ಕರ್ ಭವನವೋ ಶಾಲೆ ಅಂಗಳವೋ, ಎಲ್ಲರ ಎದುರಿಗೆ ಚೀಟಿ ಎಣಿಸೋಣ. ಸಂಜೆಯೊಳಗೆ ಸೋತವರು ಸೋಲೊಪ್ಪಬೇಕು, ಗೆದ್ದವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕೋದು ಅವರೇ. ಎಣಿಕೆಯ ಪ್ರತಿ ಎಲ್ಲಾ ಪಕ್ಷಗಳ ಬ್ಲಾಕ್ ಕಚೇರಿಗೂ ಹೋಗಲಿ. ಆ ಹೆಸರು ಬಿಟ್ಟು ಬೇರೆಯವರಿಗೆ ಬಿ ಫಾರಂ ಕೊಟ್ಟ ಪಕ್ಷದವರು ಕೇರಿಗೆ ಬಂದಾಗ ಮೊದಲು ಆ ಕಾಗದ ಓದಿಸೋಣ. ಯಾರ್ಯಾರು ಬರ್ತೀರಿ, ಕೆಳಗೆ ಊರಿನ ಹೆಸರು ಹಾಕಿ.